ಕರ್ನಲ್‌ನ ಎಟಿಎಂ ಮೆನು: ಯಾವುದು ಬೇಕು, ಯಾವುದು ಬೇಡ?

ಪ್ರಶ್ನೆ: ಸರ್, ನಮಸ್ಕಾರ. ಶಿಡ್ಲಘಟ್ಟದಲ್ಲಿ ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೇನೆ. ನಮ್ಮ ಬೀದಿಗೆ ಫೈಬರ್ ಇನ್ನೂ ಬಂದಿಲ್ಲ. ಹಳೇ ಟೆಲಿಫೋನ್ ಲೈನಿನ ಎಡಿಎಸ್ಎಲ್ ಇಂಟರ್ನೆಟ್ಟೇ ಗತಿ. ಮೂಲೆಯಲ್ಲಿ ಬಿದ್ದಿದ್ದ ಸ್ಪೀಡ್‌ಟಚ್ 330 ಯುಎಸ್‌ಬಿ ಮೋಡೆಮ್ ಸಿಕ್ಕಿತು. ಅದನ್ನು ಹಳೇ ಪಿಸಿಗೆ ಹಾಕಿ, ಆ ಪಿಸಿಯನ್ನೇ ರೌಟರ್ ಮಾಡಿ, ಲ್ಯಾಬಿಗೆಲ್ಲ ನೆಟ್ ಹಂಚೋಣ ಅಂತ ಡೆಬಿಯನ್ ಲಿನಕ್ಸ್ ಹಾಕಿದೆ. ಕರ್ನಲ್, ಅಂದರೆ ಲಿನಕ್ಸಿನ ಒಳತಿರುಳನ್ನು, ನಾನೇ ಕಂಪೈಲ್ ಮಾಡಿದೆ. ಎಟಿಎಂ (ಬ್ಯಾಂಕಿನದ್ದಲ್ಲ, ಎಡಿಎಸ್ಎಲ್ ಲೈನಿನಲ್ಲಿ ಡೇಟಾ ಸಾಗಿಸುವ ಕ್ರಮ) ಮೆನುವಿನಲ್ಲಿ ಕಂಡದ್ದಕ್ಕೆಲ್ಲ ವೈ, ಅಂದರೆ ಹೌದು, ಕೊಟ್ಟೆ, ಯುಎಸ್‌ಬಿ ಮೋಡೆಮ್ ಡ್ರೈವರ್‌ಗೂ ವೈ ಕೊಟ್ಟೆ. ಬೂಟ್ ಆಗುತ್ತೆ, ಆದರೆ ಮೋಡೆಮ್ ಲೈನ್ ಹಿಡಿಯುತ್ತಲೇ ಇಲ್ಲ. ಯಾವುದು ಬೇಕು, ಯಾವುದು ಬೇಡ, ಸ್ವಲ್ಪ ಬಿಡಿಸಿ ಹೇಳಿ. ಇನ್ನೊಂದು ಪ್ರಶ್ನೆ: ಡಿಪ್ಲೊಮಾ ಹುಡುಗರಿಗೆ ಎಟಿಎಂ ಪಾಠ ಇದೆ. ಕಾರ್ಡ್ ಇಲ್ಲದೆ ಲ್ಯಾಬಿನಲ್ಲಿ ತೋರಿಸಬಹುದಾ?

ಉತ್ತರ: ನಮಸ್ಕಾರ. ಮೊದಲು ಒಂದು ಮಾತು. ಕೆಳಗೆ ಆಜ್ಞೆಗಳನ್ನು ಓದುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ಗೊಂದಲವಾಗುವ ಕಡೆ ಕಂಸದಲ್ಲಿ ಇಂಗ್ಲಿಷ್ ಕೊಟ್ಟಿದ್ದೇನೆ.

ಎಲ್ಲಕ್ಕೂ ವೈ ಕೊಟ್ಟಿರೋದೇ ನಿಮ್ಮ ತೊಂದರೆ ಅಂತ ನನಗನ್ನಿಸುತ್ತೆ. ಸ್ಪೀಡ್‌ಟಚ್ 330 ಒಳಗೆ ಸ್ವಂತ ಫರ್ಮ್‌ವೇರ್, ಅಂದರೆ ಮೋಡೆಮ್ಮನ್ನು ನಡೆಸುವ ಪ್ರೋಗ್ರಾಂ, ಇರುವುದಿಲ್ಲ. ಪ್ರತಿ ಸಲ ಕರೆಂಟ್ ಬಂದಾಗಲೂ ಪಿಸಿಯೇ ಅದಕ್ಕೆ ಫರ್ಮ್‌ವೇರ್ ತುಂಬಬೇಕು, ಅದೂ ಎರಡು ಹಂತದಲ್ಲಿ. ಆ ಎರಡು ಫೈಲ್‌ಗಳು ಲಿಬ್ ಡೈರೆಕ್ಟರಿಯ ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಇರಬೇಕು: ‘ಸ್ಪೀಡ್‌ಟಿಸಿಎಚ್-1.ಬಿನ್’, ‘ಸ್ಪೀಡ್‌ಟಿಸಿಎಚ್-2.ಬಿನ್’. ಡ್ರೈವರ್‌ಗೆ ವೈ ಕೊಟ್ಟರೆ ಅದು ಕರ್ನಲ್ ಒಳಗೇ ಸೇರಿಬಿಡುತ್ತೆ. ಹಾರ್ಡ್ ಡಿಸ್ಕ್ ಮೌಂಟ್ ಆಗುವ ಮುಂಚೆಯೇ ಮೋಡೆಮ್ ಅದರ ಕಣ್ಣಿಗೆ ಬೀಳುತ್ತೆ. ‘ಫರ್ಮ್‌ವೇರ್ ಕೊಡು’ ಅಂತ ಕೇಳುತ್ತೆ. ಫೈಲ್ ಇರುವ ಡಿಸ್ಕೇ ಇನ್ನೂ ತೆರೆದಿಲ್ಲ. ಸಿಗಲಿಲ್ಲ ಅಂತ ಕೈಬಿಡುತ್ತೆ. ‘ಡಿಮೆಸೇಜ್’ (dmesg) ಕೊಟ್ಟು ಕರ್ನಲ್‌ನ ಸಂದೇಶಗಳನ್ನು ನೋಡಿ, ಫರ್ಮ್‌ವೇರ್ ಸಿಗಲಿಲ್ಲ ಅನ್ನೋ ಸಾಲು ಅಲ್ಲಿ ಇದ್ದೇ ಇರುತ್ತೆ. ಮೋಡೆಮ್ ಕಿತ್ತು ಮತ್ತೆ ಚುಚ್ಚಿದರೆ ಲೈನ್ ಹಿಡಿಯಿತಾ? ಹಾಗಾದರೆ ರೋಗ ಇದೇ, ಇನ್ನೊಂದು ಹುಡುಕಬೇಡಿ. ಚುಚ್ಚಿದ ಮೇಲೂ ಹಿಡಿಯದಿದ್ದರೆ ಫರ್ಮ್‌ವೇರ್ ಫೈಲ್ ನಿಮ್ಮ ಮೋಡೆಮ್‌ನ ರಿವಿಷನ್‌ಗೆ ಸರಿಯಾದದ್ದಾ ನೋಡಿ. ಮೋಡೆಮ್ ಕೆಳಗಿನ ಸ್ಟಿಕ್ಕರ್ ಮೇಲೆ ರಿವಿಷನ್ ಬರೆದಿರುತ್ತೆ.

ಆದ್ದರಿಂದ ಬೇಕಾದವನ್ನೆಲ್ಲ ಎಂ, ಅಂದರೆ ಬೇಕಾದಾಗ ಆಮೇಲೆ ಸೇರಿಕೊಳ್ಳುವ ಮಾಡ್ಯೂಲ್ ಮಾಡಿ. ಹಾಗೆ ನೋಡಿದರೆ ಕಂಪೈಲ್ ಮಾಡುವ ಅಗತ್ಯವೇ ಇರಲಿಲ್ಲ. ಡೆಬಿಯನ್ ಜೊತೆ ಬರುವ ಕರ್ನಲ್‌ಗಳಲ್ಲಿ ಇವೆಲ್ಲ ಮಾಡ್ಯೂಲ್ ಆಗಿಯೇ ಇರುತ್ತಿದ್ದವು. ‘ಮಾಡ್‌ಇನ್ಫೋ ಬಿಆರ್2684’ (modinfo br2684) ಅಂತ ಕೊಡಿ, ಮುಂದೆ ಹೇಳುವ ಬ್ರಿಜ್ಡ್ ಸಾಲಿನ ಮಾಡ್ಯೂಲ್ ಅದು. ವಿವರ ಬಂದರೆ ಆ ಕರ್ನಲ್ಲೇ ಸಾಕು. ಬರದಿದ್ದರೆ ಮಾತ್ರ ಕಂಪೈಲ್ ದಾರಿ. ತೀರಾ ಹೊಸ ಕರ್ನಲ್ ಆದರೆ ಇನ್ನೂ ಎಚ್ಚರ. ಲಿನಕ್ಸ್‌ನವರು ಎಟಿಎಂ ಭಾಗವನ್ನು ಸ್ವಲ್ಪಸ್ವಲ್ಪವೇ ಕಳಚುತ್ತಿದ್ದಾರೆ. 2022ರಲ್ಲಿ ಫೈರ್‌ಸ್ಟ್ರೀಮ್, ಹಾರಿಜಾನ್, ಝೈಟ್‌ನೆಟ್ ಕಾರ್ಡ್‌ಗಳ ಡ್ರೈವರ್ ಹೋದವು. 2023ರಲ್ಲಿ ಟ್ರಾಫಿಕ್ ಕಂಟ್ರೋಲ್‌ನ ಎಟಿಎಂ ಕ್ಯೂ ಹೋಯಿತು. ಲಿನಕ್ಸ್‌ನಂಥದ್ದೇ ಇನ್ನೊಂದು ವ್ಯವಸ್ಥೆ ಫ್ರೀಬಿಎಸ್‌ಡಿಯಂತೂ 12ನೇ ಆವೃತ್ತಿಗೆ ‘ನ್ಯಾಟ್‌ಎಂ’ ಅನ್ನೋ ತನ್ನ ಎಟಿಎಂ ಕೋಡನ್ನೇ ತೆಗೆದುಹಾಕಿತು. ಹಾಗಾಗಿ ಯಾವುದೇ ಹಳೇ ಮಾರ್ಗದರ್ಶಿ ಹಿಡಿದು ಕೂರುವ ಮುಂಚೆ, ನಿಮ್ಮ ಕರ್ನಲ್‌ನಲ್ಲಿ ಆ ಆಯ್ಕೆ ಇನ್ನೂ ಉಳಿದಿದೆಯಾ ಅಂತ ನೋಡಿಕೊಳ್ಳಿ.

ಈಗ ಮೆನುವಿಗೆ ಬರೋಣ. ಇದರಲ್ಲಿ ಯಾವುದು ಬೇಕು ಅನ್ನೋದನ್ನು ನೀವೂ ತೀರ್ಮಾನಿಸುವುದಿಲ್ಲ, ನಿಮ್ಮ ಪಿಸಿಯೂ ತೀರ್ಮಾನಿಸುವುದಿಲ್ಲ. ತಂತಿಯ ಆ ಕೊನೆಯಲ್ಲಿ, ಎಕ್ಸ್‌ಚೇಂಜ್‌ನಲ್ಲಿ ಕೂತಿರುವ ಪೆಟ್ಟಿಗೆ ಯಾವ ಭಾಷೆ ಮಾತಾಡುತ್ತೋ ಅದನ್ನೇ ಈ ಕಡೆಯೂ ಮಾತಾಡಬೇಕು, ಅಷ್ಟೇ. ಮೆನುವಿನಲ್ಲಿ ಇಷ್ಟೊಂದು ಸಾಲು ಇರೋದಕ್ಕೆ ಕಾರಣ ಚರಿತ್ರೆ. 1990ರ ದಶಕದಲ್ಲಿ ಎಲ್ಲ ಕಡೆ ಎಟಿಎಂ ನೆಟ್‌ವರ್ಕೇ ಬರುತ್ತೆ, ಈಥರ್ನೆಟ್ ಕಾಲ ಮುಗಿಯಿತು ಅಂತ ದೊಡ್ಡ ದೊಡ್ಡವರೇ ನಂಬಿದ್ದರು. ಲಿನಕ್ಸ್‌ಗೆ ಎಟಿಎಂ ತಂದ ವರ್ನರ್ ಆಲ್ಮೆಸ್‌ಬರ್ಗರ್ ಆಗ ಸ್ವಿಟ್ಜರ್ಲೆಂಡ್‌ನ ಲೊಝಾನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದರು. ಆ ಕಾಲದ ಆಸೆಗಳೆಲ್ಲ ಮೆನುವಿನಲ್ಲಿ ಹಾಗೇ ಉಳಿದಿವೆ.

‘ಕ್ಲಾಸಿಕಲ್ ಐಪಿ’ ಅನ್ನೋದು ಎಟಿಎಂ ಸ್ವಿಚ್ ಇರುವ ನೆಟ್‌ವರ್ಕ್‌ನಲ್ಲಿ ಐಪಿಯನ್ನು ನೇರವಾಗಿ ಓಡಿಸಲು. 1994ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 1577 ಇದರ ಮೂಲ. ‘ಲ್ಯಾನ್ ಎಮ್ಯುಲೇಷನ್’ ಎಟಿಎಂ ಸ್ವಿಚ್‌ಗಳನ್ನು ಈಥರ್ನೆಟ್ ಹಾಗೆ ನಟಿಸುವಂತೆ ಮಾಡುತ್ತೆ. ‘ಎಂಪಿಒಎ’ ಅದರ ಮೇಲೊಂದು ಅಟ್ಟ. ನಿಮ್ಮ ಮನೆಯಲ್ಲಿ ಎಟಿಎಂ ಸ್ವಿಚ್ ಇಲ್ಲ ಅಲ್ವಾ? ಇಂಟರ್ನೆಟ್‌ಗೆ ಈ ಮೂರೂ ಬೇಡ. ಕ್ಲಾಸಿಕಲ್ ಐಪಿಯನ್ನು ಮಾತ್ರ ಮಾಡ್ಯೂಲ್ ಆಗಿ ಇಟ್ಟುಕೊಳ್ಳಿ, ಲ್ಯಾಬ್ ಪ್ರಶ್ನೆಗೆ ಬಂದಾಗ ಉಪಯೋಗಕ್ಕೆ ಬರುತ್ತೆ.

ನಿಮಗೆ ಬೇಕಾದದ್ದು ಎಟಿಎಂನ ತಿರುಳು, ಅದರ ಕೆಳಗಿರುವ ‘ಆರ್‌ಎಫ್‌ಸಿ 1483/2684 ಬ್ರಿಜ್ಡ್ ಪ್ರೋಟೋಕಾಲ್ಸ್’, ಮತ್ತೆ ಯುಎಸ್‌ಬಿ ಮೆನುವಿನ ಡಿಎಸ್ಎಲ್ ಮೋಡೆಮ್ ಪಟ್ಟಿಯಲ್ಲಿ ಸ್ಪೀಡ್‌ಟಚ್. ಬ್ರಿಜ್ಡ್ ಸಾಲಿನ ಕೆಳಗೆ ‘ಪರ್ ವಿಸಿ ಐಪಿ ಫಿಲ್ಟರ್ ಕ್ಲಜ್’ ಅಂತೊಂದು ಇದೆ. ಬರೆದವರೇ ಅದಕ್ಕೆ ತೇಪೆ ಕೆಲಸ ಅಂತ ಹೆಸರಿಟ್ಟಿದ್ದಾರೆ, ಮುಟ್ಟಬೇಡಿ. ಇನ್ನೊಂದು ಮುಖ್ಯವಾದದ್ದು ಎಟಿಎಂ ಮೆನುವಿನಲ್ಲಿ ಇಲ್ಲವೇ ಇಲ್ಲ. ಯೂಸರ್ ನೇಮ್, ಪಾಸ್‌ವರ್ಡ್ ಕೊಟ್ಟು ನೆಟ್ ಜೋಡಿಸುವ ‘ಪಿಪಿಪಿ ಓವರ್ ಈಥರ್ನೆಟ್’ (ಚಿಕ್ಕದಾಗಿ ಪಿಪಿಪಿಒಇ) ಇರುವುದು ನೆಟ್‌ವರ್ಕ್ ಡಿವೈಸ್ ಮೆನುವಿನ ಪಿಪಿಪಿ ಭಾಗದಲ್ಲಿ. ‘ಪಿಪಿಪಿ ಓವರ್ ಎಟಿಎಂ’ ಕೂಡ ಅಲ್ಲೇ ಇದೆ. ಎಟಿಎಂ ಮೆನುವಿನಲ್ಲಿ ಎಲ್ಲಕ್ಕೂ ವೈ ಒತ್ತಿದವರು ಇದನ್ನು ಸಾಮಾನ್ಯವಾಗಿ ನೋಡಿಯೇ ಇರುವುದಿಲ್ಲ.

ಪಿಪಿಪಿ ಓವರ್ ಈಥರ್ನೆಟ್ಟಾ, ಎಟಿಎಂಮಾ? ಅದೂ ಆ ಕಡೆಯವರದೇ ತೀರ್ಮಾನ. ನಮ್ಮ ಕಡೆಯ ಎಡಿಎಸ್ಎಲ್‌ನಲ್ಲಿ ಈಥರ್ನೆಟ್ ರೂಪವೇ ರೂಢಿ. ಬ್ರಿಟನ್ನಿನಂಥ ಕಡೆ ಎಟಿಎಂ ರೂಪ ಜಾಸ್ತಿ. ಇಂಟರ್ನೆಟ್‌ನಲ್ಲಿ ಸಿಗುವ ಸ್ಪೀಡ್‌ಟಚ್ ಟಿಪ್ಪಣಿಗಳಲ್ಲಿ ಬಹಳಷ್ಟು ಬ್ರಿಟನ್ನಿನವರು ಬರೆದದ್ದು. ಅದನ್ನು ನಂಬಿ ‘ಪಿಪಿಪಿಒಎಟಿಎಂ’ ಪ್ಲಗಿನ್ ಹಾಕಿಕೊಂಡು ಕೂತರೆ ಇಲ್ಲಿ ಉತ್ತರವೇ ಬರುವುದಿಲ್ಲ.

ಮುಂದೆ ಎರಡು ಅಂಕಿ, ಒಂದು ಆಯ್ಕೆ. ಅಂಕಿಗಳು ವಿಪಿಐ ಮತ್ತು ವಿಸಿಐ. ಎಟಿಎಂನಲ್ಲಿ ಐಪಿ ವಿಳಾಸದ ಹಾಗೆ ಗುರಿಯ ವಿಳಾಸ ಪ್ರತಿ ತುಣುಕಿನಲ್ಲೂ ಇರುವುದಿಲ್ಲ. ಮೊದಲೇ ಹಾಕಿಟ್ಟ ಒಂದು ಹಾದಿ ಇರುತ್ತೆ. ತುಣುಕಿನ ತಲೆಯಲ್ಲಿ ಆ ಹಾದಿಯ ಸಂಖ್ಯೆ ಮಾತ್ರ. 0ಯಿಂದ 31ರವರೆಗಿನ ವಿಸಿಐಗಳನ್ನು ನೆಟ್‌ವರ್ಕ್ ತನ್ನ ಕೆಲಸಕ್ಕೆ ಕಾದಿರಿಸಿಕೊಂಡಿದೆ. ಹಾಗಾಗಿಯೇ ಗ್ರಾಹಕರ ಅಂಕಿಗಳು 32, 35 ಹೀಗೆ ಶುರುವಾಗುತ್ತವೆ. ಬಿಎಸ್ಎನ್ಎಲ್ ಎಡಿಎಸ್ಎಲ್ ಆದರೆ 0 ಮತ್ತು 35, ಏರ್‌ಟೆಲ್ ಆದರೆ 1 ಮತ್ತು 32. ಬೇರೆಯವರದ್ದಾದರೆ ಅವರನ್ನೇ ಕೇಳಿ. ಊಹೆ ಮಾಡಿ ಒಂದೊಂದೇ ಹಾಕುತ್ತಾ ಹೋಗಬೇಡಿ, ದಿನವೆಲ್ಲ ಹೋಗುತ್ತೆ. ಆಯ್ಕೆ ಅಂದರೆ ಪ್ಯಾಕೆಟ್ ಕಟ್ಟುವ ರೀತಿ: ಎಲ್ಎಲ್‌ಸಿ ಅಥವಾ ವಿಸಿ ಮಕ್ಸ್. ಇಲ್ಲಿ ಎಲ್ಎಲ್‌ಸಿ.

ಡೆಬಿಯನ್‌ನಲ್ಲಿ ಸೇತುವೆ ಕಟ್ಟುವ ಆಜ್ಞೆಯ ಹೆಸರು ‘ಬಿಆರ್2684ಸಿಟಿಎಲ್’, ಪ್ಯಾಕೇಜಿನ ಹೆಸರೂ ಅದೇ. ಅದಕ್ಕೆ ಮೈನಸ್ ಬಿ ಕೊಟ್ಟರೆ ಹಿನ್ನೆಲೆಯಲ್ಲಿ ಓಡುತ್ತೆ. ಮೈನಸ್ ಸಿ 0 ಅಂದರೆ ಇಂಟರ್ಫೇಸ್ ಸಂಖ್ಯೆ. ಮೈನಸ್ ಇ 0 ಅಂದರೆ ಎಲ್ಎಲ್‌ಸಿ, 1 ಅಂದರೆ ವಿಸಿ ಮಕ್ಸ್. ಮೈನಸ್ ಎ 0.0.35 ಕೊನೆಗೆ ಬರಲಿ. ಅದರ ಮೊದಲ ಸೊನ್ನೆ ಎಟಿಎಂ ಡಿವೈಸ್, ಎರಡನೆಯದು ವಿಪಿಐ, 35 ವಿಸಿಐ. ಅನುಕ್ರಮದ ಬಗ್ಗೆ ತಮಾಷೆ ಮಾಡುತ್ತಿಲ್ಲ. ಹಳೇ ಆವೃತ್ತಿಗಳು ಆಯ್ಕೆಗಳನ್ನು ಓದುತ್ತಾ ಓದುತ್ತಾ ಕೆಲಸ ಮುಗಿಸುತ್ತವೆ. ಮೈನಸ್ ಎ ಮೊದಲು ಬಂದರೆ ನಂತರದ ಮೈನಸ್ ಇ ಲೆಕ್ಕಕ್ಕೇ ಬರುವುದಿಲ್ಲ.

ಇದು ಸರಿಯಾಗಿ ಆದರೆ ‘ನ್ಯಾಸ್0’ (nas0) ಅನ್ನೋ ಇಂಟರ್ಫೇಸ್ ಹುಟ್ಟುತ್ತೆ. ನೋಡೋದಕ್ಕೆ ಮಾಮೂಲಿ ಈಥರ್ನೆಟ್ ಕಾರ್ಡ್ ಥರಾನೇ. ‘ಐಪಿ ಲಿಂಕ್’ ಆಜ್ಞೆಯಿಂದ ಅದನ್ನು ಅಪ್ ಮಾಡಿ, ಅದರ ಮೇಲೆ ಪಿಪಿಪಿಒಇ ಓಡಿಸಿ. ಯೂಸರ್ ನೇಮ್, ಪಾಸ್‌ವರ್ಡ್ ಕೇಳೋದು ಇಲ್ಲೇ. ಕೊನೆಗೆ ‘ಪಿಪಿಪಿ0’ ಬರುತ್ತೆ. ಲ್ಯಾಬಿಗೆ ಹಂಚಲು ಅದರ ಮೇಲೆ ಮಾಸ್ಕರೇಡ್ ಹಾಕಿ, ಆಗ ಎಲ್ಲ ಪಿಸಿಗಳೂ ಒಂದೇ ಐಪಿ ವಿಳಾಸದಿಂದ ಹೊರಗೆ ಹೋಗುತ್ತವೆ. ಪ್ಯಾಕೆಟ್ಟಿನ ಗಾತ್ರಕ್ಕೆ ಮಿತಿ ಹಾಕುವ ಟಿಸಿಪಿಯ ಎಂಎಸ್ಎಸ್ ಕ್ಲ್ಯಾಂಪ್ ಮರೆಯಬೇಡಿ. ಪಿಪಿಪಿಒಇಯಲ್ಲಿ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1492 ಬೈಟ್, ಲ್ಯಾಬಿನ ಪಿಸಿಗಳು 1500 ಅಂದುಕೊಂಡಿರುತ್ತವೆ. ಕ್ಲ್ಯಾಂಪ್ ಇಲ್ಲದಿದ್ದರೆ ಕೆಲವು ಸೈಟ್ ಬರುತ್ತೆ, ಕೆಲವು ಸುಮ್ನೆ ಸುತ್ತುತ್ತಾ ಇರುತ್ತೆ.

ಕೆಲಸ ಮಾಡದಿದ್ದರೆ ಎಲ್ಲಿ ನೋಡಬೇಕು? ಕೆಳಗಿನಿಂದ ಮೇಲೆ ಬನ್ನಿ. ಮೊದಲು ಲೈನ್. ಸ್ಪೀಡ್‌ಟಚ್ ಲೈನ್ ಹಿಡಿದರೆ ‘ಡಿಮೆಸೇಜ್’ನಲ್ಲಿ ಎಡಿಎಸ್ಎಲ್ ಲೈನ್ ಅಪ್ ಅಂತ, ಕೆಳಮುಖ ಮೇಲ್ಮುಖ ವೇಗದ ಸಮೇತ ಬರುತ್ತೆ. ಆ ಸಾಲು ಬರುವವರೆಗೆ ವಿಪಿಐ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬಂದು ಬಂದು ಹೋಗುತ್ತಿದ್ದರೆ ಕಂಪ್ಯೂಟರ್ ಬಿಟ್ಟು ಫೋನ್ ಎತ್ತಿ ಕಿವಿಗಿಡಿ. ಗರಗರ ಸದ್ದು ಇದೆಯಾ? ನಮ್ಮ ಚಿಕ್ಕಬಳ್ಳಾಪುರದ ಕಡೆ ಹಿಂಗಾರು ಮಳೆ ಶುರುವಾದರೆ ಡಿಪಿ ಬಾಕ್ಸ್‌ನಲ್ಲಿ, ಕೇಬಲ್ ಜಾಯಿಂಟ್‌ನಲ್ಲಿ ನೀರಿಳಿದು ಎಷ್ಟೋ ಲೈನ್ ಹೀಗಾಗುತ್ತವೆ. ಅದು ಲೈನ್‌ಮನ್ ಕೆಲಸ, ಕರ್ನಲ್ ಕೆಲಸ ಅಲ್ಲ. ಸ್ಪ್ಲಿಟರ್ ಇಲ್ಲದೆ ಎಕ್ಸ್‌ಟೆನ್ಷನ್ ಫೋನ್ ಹಾಕಿದ್ದರೆ ಅದನ್ನೂ ಕಿತ್ತು ನೋಡಿ.

ಲೈನ್ ಇದೆ, ಆದರೆ ಪಿಪಿಪಿಒಇ ‘ಪಿಎಡಿಒ’ಗೆ ಕಾದು ಕಾದು ಟೈಮ್‌ಔಟ್ ಅನ್ನುತ್ತಿದೆ. ಬಹುಮಂದಿ ಈ ಹಂತದಲ್ಲಿ ಪಾಸ್‌ವರ್ಡ್ ಬದಲಿಸಲು ಹೋಗುತ್ತಾರೆ. ಪಾಸ್‌ವರ್ಡ್ ಮಾತು ಇನ್ನೂ ಶುರುವೇ ಆಗಿಲ್ಲ! ‘ಯಾರಾದರೂ ಇದ್ದೀರಾ’ ಅಂತ ನಿಮ್ಮ ಪಿಸಿ ಕೂಗಿದೆ, ಆ ಕಡೆಯಿಂದ ಓಗೊಟ್ಟವರಿಲ್ಲ, ಅಷ್ಟೇ. ಆಗ ಪ್ರಾಕ್ (proc) ಡೈರೆಕ್ಟರಿ ಒಳಗಿನ ನೆಟ್, ಅದರೊಳಗಿನ ಎಟಿಎಂ, ಅಲ್ಲಿರುವ ‘ಡಿವೈಸಸ್’ ಫೈಲನ್ನು ‘ಕ್ಯಾಟ್’ ಮಾಡಿ. ತಲೆಬರಹದ ಕೆಳಗೆ ನಿಮ್ಮ ಮೋಡೆಮ್‌ನದು ಒಂದು ಸಾಲು ಇರುತ್ತೆ. ಅದರಲ್ಲಿ 5 ಅಂಕಿ, ಪಕ್ಕದಲ್ಲಿ ಕಂಸದೊಳಗೆ ಐದು ಸಂಖ್ಯೆ. ಆ 5 ಅಂದರೆ ಎಎಎಲ್5, ನಿಮ್ಮ ಡೇಟಾ ಹೋಗುವ ಪದರ. ಮೊದಲ ಸಂಖ್ಯೆ ಕಳಿಸಿದ್ದು, ಎರಡನೆಯದು ಕಳಿಸುವಾಗಿನ ತಪ್ಪು, ಮೂರನೆಯದು ಬಂದದ್ದು, ನಾಲ್ಕನೆಯದು ಬಂದದ್ದರಲ್ಲಿ ಕೆಟ್ಟದ್ದು, ಐದನೆಯದು ಎಸೆದದ್ದು. ಮೊದಲನೆಯದು ಏರುತ್ತಿದೆ, ಮೂರನೆಯದು ಸೊನ್ನೆಯಲ್ಲೇ ಇದೆ ಅಂದರೆ ವಿಪಿಐ, ವಿಸಿಐ ಅಥವಾ ಎಲ್ಎಲ್‌ಸಿ ಆಯ್ಕೆ ತಪ್ಪಿದೆ. ಮೊದಲನೆಯದೇ ಏರುತ್ತಿಲ್ಲ ಅಂದರೆ ‘ನ್ಯಾಸ್0’ ಅಪ್ ಆಗಿಲ್ಲ, ಇಲ್ಲವೇ ಪಿಪಿಪಿಒಇ ಬೇರೆ ಇಂಟರ್ಫೇಸ್ ಮೇಲೆ ಕೂಗುತ್ತಿದೆ. ಮೂರೂ ನಾಲ್ಕೂ ಜೊತೆಯಾಗಿ ಏರುತ್ತಿದ್ದರೆ ಮತ್ತೆ ಲೈನ್‌ಮನ್ನೇ ಗತಿ. ಇಷ್ಟು ಒಳ್ಳೆಯ ಫೈಲ್ ಇದ್ದರೂ ಯಾರೂ ಅದನ್ನು ತೆರೆದು ನೋಡುವುದಿಲ್ಲ ಅನ್ನೋದೇ ನನಗೆ ಬೇಜಾರು.

ಈಗ ವೇಗದ ವಿಷಯ. ‘ಲೈನ್ 2 ಎಂಬಿಪಿಎಸ್ ಅನ್ನುತ್ತೆ, ಡೌನ್‌ಲೋಡ್ ಅಷ್ಟು ಬರುವುದಿಲ್ಲ’ ಅಂತ ನೀವೇ ನಾಳೆ ಕೇಳುತ್ತೀರಿ. ಎಟಿಎಂ ಎಲ್ಲವನ್ನೂ 53 ಬೈಟಿನ ಸೆಲ್‌ಗಳಾಗಿ ಕತ್ತರಿಸುತ್ತೆ. 5 ಬೈಟ್ ತಲೆ, 48 ಬೈಟ್ ಸರಕು. 1980ರ ದಶಕದ ಕೊನೆಯಲ್ಲಿ ಅಮೆರಿಕದವರು 64 ಬೈಟ್ ಸರಕು ಬೇಕೆಂದರು. ಧ್ವನಿ ತಡವಾಗಿ ಪ್ರತಿಧ್ವನಿ ಬರುತ್ತೆ ಅಂತ ಯುರೋಪಿನವರು 32 ಸಾಕೆಂದರು. ನಡುವೆ 48ಕ್ಕೆ ರಾಜಿಯಾಯಿತು. ಈ ಸೆಲ್ ಅನ್ನೋದು ಟೊಮೆಟೊ ಕ್ರೇಟ್ ಇದ್ದ ಹಾಗೆ. ಕೊನೇ ಕ್ರೇಟ್ ಅರ್ಧ ತುಂಬಿದ್ದರೂ ಲಾರಿಯವನು ಪೂರ್ತಿ ಬಾಡಿಗೆಯೇ ಕೇಳುತ್ತಾನೆ.

ನಿಮ್ಮ ಲೈನಿನದ್ದೇ ಲೆಕ್ಕ ಮಾಡೋಣ. 1492 ಬೈಟಿನ ಐಪಿ ಪ್ಯಾಕೆಟ್. ಅದಕ್ಕೆ ಪಿಪಿಪಿ 2, ಪಿಪಿಪಿಒಇ 6, ಈಥರ್ನೆಟ್ ತಲೆ 14, ಎಲ್ಎಲ್‌ಸಿ ಮತ್ತು ಪ್ಯಾಡ್ ಸೇರಿ 10, ಎಎಎಲ್5 ಬಾಲ 8. ಒಟ್ಟು 40 ಸೇರಿ 1532. 48ರಿಂದ ಭಾಗಿಸಿ ಮೇಲಕ್ಕೆ ಸರಿಸಿದರೆ 32 ಸೆಲ್. ತಂತಿಯ ಮೇಲೆ ಹೋಗೋದು 1696 ಬೈಟ್. ಅಂದರೆ 100ಕ್ಕೆ 88 ನಿಮ್ಮದು. 2 ಎಂಬಿಪಿಎಸ್ ಲೈನಿನಲ್ಲಿ ಐಪಿಗೆ ಸಿಗೋದು ಸುಮಾರು 1.76. ಯಾರೂ ಕದ್ದಿಲ್ಲ. ಸಣ್ಣ ಪ್ಯಾಕೆಟ್ ಕತೆ ಇನ್ನೂ ಕೆಟ್ಟದ್ದು. ‘ತಲುಪಿತು’ ಅಂತ ಹೇಳುವ 40 ಬೈಟಿನ ಟಿಸಿಪಿ ಆ್ಯಕ್‌ಗೆ 40 ಸೇರಿ 80, ಎರಡು ಸೆಲ್, 106 ಬೈಟ್.

ಹತ್ತಾರು ಪಿಸಿ ಇರುವ ಲ್ಯಾಬಿನಲ್ಲಿ ಇದು ಬರೀ ಲೆಕ್ಕ ಅಲ್ಲ. ಮೇಲ್ಮುಖ ವೇಗ 512 ಕೆಬಿಪಿಎಸ್ ಇದ್ದರೆ ಒಂದು ದೊಡ್ಡ ಪ್ಯಾಕೆಟ್ ಹೋಗಲು 26 ಮಿಲಿಸೆಕೆಂಡ್ ಮೇಲೆ ಬೇಕು. ಒಬ್ಬ ಹುಡುಗ ವಿಡಿಯೊ ಅಪ್‌ಲೋಡ್ ಮಾಡಿದರೆ ಉಳಿದವರದ್ದೆಲ್ಲ ನಿಂತುಹೋಗುತ್ತೆ. ಇದಕ್ಕೆ ಮದ್ದು ‘ಕೇಕ್’ (cake), ಪ್ಯಾಕೆಟ್‌ಗಳ ಸರದಿಯನ್ನು ನಿಭಾಯಿಸುವ ವ್ಯವಸ್ಥೆ. 2018ರ 4.19 ಕರ್ನಲ್‌ನಿಂದ ಲಿನಕ್ಸ್ ಒಳಗೇ ಇದೆ. ‘ಪಿಪಿಪಿ0’ ಮೇಲೆ ‘ಟಿಸಿ’ ಆಜ್ಞೆಯಿಂದ ಕೇಕ್ ಹಾಕಿ. ಬ್ಯಾಂಡ್‌ವಿಡ್ತನ್ನು ‘ಡಿಮೆಸೇಜ್’ ತೋರಿಸಿದ ಮೇಲ್ಮುಖ ವೇಗಕ್ಕಿಂತ ಸ್ವಲ್ಪ ಕಡಿಮೆ ಕೊಡಿ. ಕೊನೆಗೆ ‘ಪಿಪಿಪಿಒಇ-ಎಲ್ಎಲ್‌ಸಿಸ್ನ್ಯಾಪ್’ (pppoe-llcsnap) ಪದ ಸೇರಿಸಿ. ಮೇಲೆ ಕೂಡಿದ 40 ಬೈಟ್, ಸೆಲ್ ಲೆಕ್ಕ, ಎರಡೂ ಆ ಒಂದು ಪದದಲ್ಲಿದೆ. ಅದಿಲ್ಲದೆ ಕೇಕ್ ಹಾಕಿದರೆ 40 ಬೈಟಿನ ಪ್ಯಾಕೆಟ್ಟನ್ನು 40 ಅಂತಲೇ ಎಣಿಸುತ್ತೆ, ತಂತಿ 106 ಹೊರುತ್ತೆ, ಸರದಿ ಮತ್ತೆ ಮೋಡೆಮ್ ಒಳಗೇ ಬೆಳೆಯುತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸ್ವಂತ ಅಭಿಪ್ರಾಯ ಕೇಳಿ. ದಿನಾ ಕ್ಲಾಸ್ ನಡೆಯುವ ಜಾಗಕ್ಕೆ ಸ್ಪೀಡ್‌ಟಚ್ 330 ನೆಚ್ಚಿಕೊಳ್ಳಬೇಡಿ. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಎದೆ ಢವಢವ. ಈಥರ್ನೆಟ್ ಪೋರ್ಟ್ ಇರುವ ಮಾಮೂಲಿ ಎಡಿಎಸ್ಎಲ್ ಮೋಡೆಮ್ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಸಿಗುತ್ತೆ. ಅದನ್ನು ಬ್ರಿಜ್ ಮೋಡ್‌ಗೆ ಹಾಕಿ, 0, 35, ಎಲ್ಎಲ್‌ಸಿ ಅಲ್ಲೇ ತುಂಬಿ. ಎಟಿಎಂ ಕೆಲಸವೆಲ್ಲ ಅದರ ಪಾಲಿಗೆ. ನಿಮ್ಮ ಪಿಸಿಯ ಕರ್ನಲ್‌ಗೆ ಎಟಿಎಂ ಬೆಂಬಲವೇ ಬೇಡ, ಪಿಪಿಪಿಒಇ ಒಂದಿದ್ದರೆ ಸಾಕು. ಆದರೆ ಕೇಕ್‌ನ ಆ ಪದವನ್ನು ಆಗಲೂ ಬಿಡಬೇಡಿ. ಪಿಸಿಗೆ ಸೆಲ್ ಕಾಣದಿದ್ದರೂ ತಂತಿಯ ಮೇಲೆ ಸೆಲ್ಲೇ ಓಡುತ್ತಿರುತ್ತೆ. ಮುಂದೆ ಫೈಬರ್ ಬಂದ ದಿನ ಮಾತ್ರ ಅದನ್ನು ತೆಗೆಯಿರಿ. ಈಗಿನ ಜಿಪಾನ್ ಫೈಬರ್‌ನಲ್ಲಿ ಎಟಿಎಂ ಇಲ್ಲ. ವಿಡಿಎಸ್ಎಲ್2 ಲೈನ್‌ಗಳಲ್ಲೂ ಸಾಮಾನ್ಯವಾಗಿ ಪಿಟಿಎಂ ಅನ್ನೋ ಬೇರೆ ಕ್ರಮ.

ಲ್ಯಾಬ್ ಪ್ರಶ್ನೆಗೆ ಉತ್ತರ: ಖಂಡಿತ ತೋರಿಸಬಹುದು. ಮೆನುವಿನ ಎಟಿಎಂ ಡ್ರೈವರ್‌ಗಳಲ್ಲಿ ‘ಎಟಿಎಂ ಓವರ್ ಟಿಸಿಪಿ’ ಅಂತ ಇದೆ. ಅದನ್ನು ಮಾಡ್ಯೂಲ್ ಮಾಡಿ, ‘ಎಟಿಎಂ-ಟೂಲ್ಸ್’ ಪ್ಯಾಕೇಜ್ ಹಾಕಿ. ಒಂದು ಪಿಸಿಯಲ್ಲಿ ‘ಎಟಿಎಂಟಿಸಿಪಿ ವರ್ಚುವಲ್ ಲಿಸನ್’, ಪಕ್ಕದ್ದರಲ್ಲಿ ‘ಎಟಿಎಂಟಿಸಿಪಿ ವರ್ಚುವಲ್ ಕನೆಕ್ಟ್’, ಮುಂದೆ ಮೊದಲ ಪಿಸಿಯ ಐಪಿ. ಫೈರ್‌ವಾಲ್ ಇದ್ದರೆ 2812 ಪೋರ್ಟ್ ಬಿಡಿ. ಎರಡೂ ಕಡೆ ಎಟಿಎಂ ಡಿವೈಸ್ 0 ಬರುತ್ತೆ.

ಮೊದಲು ಐಪಿ ಇಲ್ಲದೆಯೇ ತೋರಿಸಿ. ಒಂದು ಕಡೆ ‘ಎರೀಡ್ 0.0.100’ (aread) ಅಂತ ಕಾಯಲು ಬಿಡಿ. ಇನ್ನೊಂದು ಕಡೆ ‘ಎರೈಟ್ 0.0.100’ (awrite) ಮುಂದೆ ಒಬ್ಬ ಹುಡುಗನ ಹೆಸರು ಟೈಪ್ ಮಾಡಿಸಿ. ಹೆಸರು ಆ ಕಡೆ ಬರುತ್ತೆ. ಐಪಿ ಇಲ್ಲ, ಪೋರ್ಟ್ ಇಲ್ಲ, ಬರೀ ಹಾದಿ ಸಂಖ್ಯೆ. ಆಮೇಲೆ ಒಂದು ಕಡೆ 100ರ ಬದಲು 101 ಹಾಕಿಸಿ, ಏನೂ ಬರುವುದಿಲ್ಲ. ವಿಸಿಐ ಅಂದರೇನು ಅನ್ನೋದಕ್ಕೆ ಬೋರ್ಡ್ ಮೇಲಿನ ಚಿತ್ರಕ್ಕಿಂತ ಇದು ವಾಸಿ.

ನಂತರ ಕ್ಲಾಸಿಕಲ್ ಐಪಿ. ಎರಡೂ ಪಿಸಿಯಲ್ಲಿ ‘ಎಟಿಎಂಆರ್ಪ್‌ಡಿ ಮೈನಸ್ ಬಿ’ (atmarpd -b) ಓಡಿಸಿ. ‘ಎಟಿಎಂಆರ್ಪ್ ಮೈನಸ್ ಸಿ ಎಟಿಎಂ0’ (atmarp -c atm0) ಕೊಟ್ಟರೆ ಇಂಟರ್ಫೇಸ್ ಹುಟ್ಟುತ್ತೆ. ಒಂದಕ್ಕೆ 10.0.0.1, ಇನ್ನೊಂದಕ್ಕೆ 10.0.0.2 ಕೊಟ್ಟು ಅಪ್ ಮಾಡಿ. ಕೊನೆಗೆ ‘ಎಟಿಎಂಆರ್ಪ್ ಮೈನಸ್ ಎಸ್’, ಎದುರು ಪಿಸಿಯ ಐಪಿ, 0.0.100. ಎರಡೂ ಕಡೆ ಮಾಡಬೇಕು, ಒಂದೇ ಕಡೆ ಮಾಡಿದರೆ ಪಿಂಗ್ ವಾಪಸ್ ಬರುವುದಿಲ್ಲ. ‘ಎರೀಡ್’ ಇನ್ನೂ 100ರ ಮೇಲೆ ಓಡುತ್ತಿದ್ದರೆ ಮುಚ್ಚಿ, ಇಲ್ಲದಿದ್ದರೆ ಹಾದಿ ಬಳಕೆಯಲ್ಲಿದೆ ಅನ್ನುತ್ತೆ. ಪಿಂಗ್ ಓಡಿದ ಮೇಲೆ 8000 ಬೈಟಿನ ಪಿಂಗ್ ಕಳಿಸಿ ನೋಡಿ. ಇಲ್ಲಿ ಎಂಟಿಯು 9180, ತುಂಡಾಗದೆ ಒಂದೇ ಏಟಿಗೆ ಹೋಗುತ್ತೆ. ಈಥರ್ನೆಟ್‌ನಲ್ಲಿ ಅದೇ ಪಿಂಗ್ ತುಂಡಾಗೋದನ್ನು ಪಕ್ಕದಲ್ಲಿ ತೋರಿಸಿದರೆ ವ್ಯತ್ಯಾಸ ತಾನಾಗಿ ಗೊತ್ತಾಗುತ್ತೆ.

ಒಂದು ಮಿತಿ ಹುಡುಗರಿಗೆ ಮೊದಲೇ ಹೇಳಿಬಿಡಿ. ಈ ಟಿಸಿಪಿ ಡ್ರೈವರ್ ನಿಜವಾದ 53 ಬೈಟಿನ ಸೆಲ್ ಕತ್ತರಿಸುವುದಿಲ್ಲ. ವಿಪಿಐ, ವಿಸಿಐ, ಉದ್ದ ಇಷ್ಟನ್ನು ಬರೆದ ಸಣ್ಣ ತಲೆ ಹಾಕಿ, ಇಡೀ ಪ್ಯಾಕೆಟ್ಟನ್ನೇ ಟಿಸಿಪಿ ಒಳಗೆ ತಳ್ಳುತ್ತೆ. ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್ ಪ್ರೋಗ್ರಾಂನಲ್ಲಿ ಸೆಲ್ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಸೆಲ್ ಲೆಕ್ಕವನ್ನು ಮೇಲಿನ 1532ರ ಉದಾಹರಣೆ ಇಟ್ಟುಕೊಂಡು ಕಾಗದದ ಮೇಲೆ ಮಾಡಿಸಿ, 1448 ಬೈಟಿನ ಪ್ಯಾಕೆಟ್ ಆದರೆ ಎಷ್ಟು ಸೆಲ್ ಅಂತಲೂ ಕೇಳಿ. ಅಲ್ಲಿ ಒಂದು ಬೈಟೂ ವ್ಯರ್ಥವಾಗದೆ ಸರಿಯಾಗಿ 31 ಬರುತ್ತೆ.